ಆಚೆ ದಡದ ತಾಯಿ

“ಆ ಮುದುಕಿ ಯಾರು, ಸರದಾರರೇ? ಅದೊಂದು ಹೇಳಿಬಿಡಿ. ಆಮೇಲೆ ನಿಮ್ಮ ಟ್ರಂಕು ನಾನೇ ಹೊತ್ತು ಬಸ್ಸಿಗೆ ಹಾಕ್ತೆ.”

ಪರಮೇಶ್ವರಿ ಅಕ್ಕೋರು ಕೇಳಿದ್ದು ನಗುನಗುತ್ತಲೇ. ಮಗ್ಗಿ ತಪ್ಪಿದ ಮಕ್ಕಳನ್ನೂ ಅವರು ಹೀಗೆ ನಗುತ್ತಲೇ ಕೇಳುವುದು. ಹೊನ್ನಾವರದ ಶಾಲೆಯಲ್ಲಿ ಅವರ ಕೈಯಲ್ಲಿ ಕಲಿತವರು ಆ ನಗು ಕಂಡರೆ ಈಗಲೂ ಅಂಗೈಯನ್ನು ಬೆನ್ನ ಹಿಂದೆ ಅಡಗಿಸುತ್ತಾರೆ.

ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದ ಮನುಷ್ಯ ಆ ಶಾಲೆಯಲ್ಲಿ ಕಲಿತವನಲ್ಲ. ಬಿಳಿಯ ಗಡ್ಡ ನೀವಿಕೊಂಡು ಅವನೂ ನಕ್ಕ.

ಮೂರು ವಾರದ ಹಿಂದೆ ಮುಂಬಯಿಯಿಂದ ಬಂದಿಳಿದು, ‘ನಾನು ರಣಧೀರ, ನರ್ಮದೆಯ ಅಪ್ಪ’ ಎಂದವನು ಇವನೇ. ಈ ದಿನ ಹನ್ನೊಂದು ಗಂಟೆಯ ಹುಬ್ಬಳ್ಳಿ ಬಸ್ಸಿಗೆ ಅವಳನ್ನು ಕರೆದುಕೊಂಡು ಹೊರಟಿದ್ದ. ಅವನು ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಅಕ್ಕೋರಿಗೆ ಉಳಿದದ್ದು ಒಂದೂವರೆ ತಾಸು.

ನರ್ಮದಾ ಊರಿನ ದವಾಖಾನೆಯ ನರ್ಸ್‌ಬಾಯಿ. ದವಾಖಾನೆಯ ಹಿಂದಿನ ಎರಡು ಕೋಣೆಯ ಬಿಡಾರ ಅವಳದು. ಟ್ರಂಕಿಗೆ ಹಗ್ಗ ಬಿಗಿದಾಗಿತ್ತು, ಹಾಸಿಗೆ ಸುತ್ತಿಟ್ಟಾಗಿತ್ತು. ರಾಜೀನಾಮೆ ಕಾಗದ ಬರೆದು ಮೇಜಿನ ಮೇಲೆ ಇಟ್ಟಿದ್ದಳು. ಈಗ ಮೂವರಿಗೂ ಚಾ ಕೊಟ್ಟು, ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದಳು. ಹೆರಿಗೆಗೆ ಕರೆಯಲು ಬಂದವರನ್ನು ನಡುರಸ್ತೆಯಲ್ಲೇ ಗದರಿಸುವ ಈ ಹೆಣ್ಣು ಇಷ್ಟು ಹೊತ್ತು ಬಾಯಿ ಮುಚ್ಚಿ ನಿಂತದ್ದನ್ನು ಅಕ್ಕೋರು ಕಂಡಿರಲಿಲ್ಲ.

ಹೊರಗೆ ಜಗಲಿಯ ಮೇಲೆ ಅವಳನ್ನು ಸಾಕಿದ ಮಾಬ್ಲ ಕೂತಿದ್ದ. ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಕಿಟಕಿಯ ಕಡೆ ಕಿವಿ ಕೊಟ್ಟು, ಬೀಡಿ ಹಚ್ಚುವುದನ್ನೂ ಮರೆತು ಕೂತಿದ್ದ.

ಈ ಕೆಲಸಕ್ಕೆ ಅಕ್ಕೋರನ್ನು ಎಳೆದುತಂದವನೇ ಅವನು. “ಬಂದವ್ರು ಅವ್ರೇ ಹೌದ ಅಂತ ನನ್ನ ಕಣ್ಣಿಗೆ ಗೊತ್ತಾಗೂದಿಲ್ಲ, ಅಕ್ಕೋರೆ. ಅನುಮಾನ ಪಟ್ರೆ ಉಪಕಾರ ಮರ್ತ ಹಾಂಗೆ ಆತದೆ. ಅನುಮಾನ ಪಡದೆ ಹುಡುಗಿನ ಕೊಟ್ರೆ ತೀರಿಹೋದ ನನ್ನ ಹೆಂಡ್ತಿ ಗಂಗಿ ಕನಸಲ್ಲಿ ಬಂದು ಬೈತಾಳೆ” ಎಂದು ಅವರ ಮನೆ ಬಾಗಿಲಲ್ಲಿ ನಿಂತು ಕೈಮುಗಿದಿದ್ದ.

ಮಾಬ್ಲ ಹೊಳೆಯ ಅಂಬಿಗ. ಮೂವತ್ತೊಂದು ವರ್ಷದ ಹಿಂದೆ ‘ಅಂಬಿಗ ಸರದಾರ’ ಎಂಬ ಮೂಕಿ ಸಿನೆಮಾ ಕಟ್ಟಿಕೊಂಡು ಒಂದು ತಂಬು ಕಂಪನಿ ಭಟ್ಕಳಕ್ಕೆ ಬಂದಾಗ, ಅದರ ಸಾಮಾನು ಹೊತ್ತ ದೋಣಿ ಇವನದೇ. ಚಿತ್ರದ ನಾಯಕ ರಣಧೀರನೂ ಕಂಪನಿಯ ಜೊತೆಗಿದ್ದ; ಆಟಕ್ಕೆ ಮೊದಲು ಪರದೆಯ ಮುಂದೆ ಬಂದು ಜನರಿಗೆ ಕೈಮುಗಿದು ಹೋಗುತ್ತಿದ್ದ.

ಮೂಕಿ ಸಿನೆಮಾದಲ್ಲಿ ಮಾತಿಲ್ಲ. ನಡುನಡುವೆ ಮರಾಠಿಯಲ್ಲೋ ಗುಜರಾತಿಯಲ್ಲೋ ನಾಲ್ಕು ಸಾಲು ಬರೆದು ತೋರಿಸುತ್ತಿದ್ದರು. ಅದನ್ನು ಓದಿ ಕತೆ ಹೇಳಲು ಪರದೆಯ ಪಕ್ಕದಲ್ಲಿ ಬೆತ್ತ ಹಿಡಿದು ಒಬ್ಬ ನಿಲ್ಲುತ್ತಿದ್ದ. ಕಂಪನಿಯ ಕತೆಗಾರ ಚಳಿಜ್ವರದಿಂದ ಮಲಗಿಬಿಟ್ಟ. ‘ಈ ಮಾಬ್ಲನ ಗಂಟಲು ಹೊಳೆಯ ಆಚೆ ದಡಕ್ಕೂ ಕೇಳುತ್ತದೆ, ಇವನೇ ನಿಲ್ಲಲಿ’ ಎಂದು ರಣಧೀರ ಬೆತ್ತವನ್ನು ಅವನ ಕೈಗೆ ಕೊಟ್ಟ.

ಮಾಬ್ಲನಿಗೆ ಒಂದಕ್ಷರ ಬರುತ್ತಿರಲಿಲ್ಲ. ಕಂಡದ್ದಕ್ಕೆ ಕತೆ ಕಟ್ಟಿದ. ಆ ಕತೆ ಕೇಳಲು ಭಟ್ಕಳ, ಮಂಕಿ, ಹೊನ್ನಾವರದ ಜನ ಗಾಡಿ ಕಟ್ಟಿಕೊಂಡು ಬಂದರು.

ಹೊನ್ನಾವರದಲ್ಲಿ ರಣಧೀರನ ಹೆಂಡತಿ ಹೆಣ್ಣುಮಗು ಹೆತ್ತು ತೀರಿಹೋದಳು. ಹತ್ತು ದಿನದ ಕೂಸನ್ನು ಮಾಬ್ಲನ ಹೆಂಡತಿ ಗಂಗಿಯ ಮಡಿಲಿಗೆ ಹಾಕಿ, ‘ಬಂದು ಕರೆದುಕೊಂಡು ಹೋಗುತ್ತೇನೆ’ ಎಂದು ಹೊರಟವನಿಂದ ಒಂದು ಕಾರ್ಡು ಕೂಡ ಬರಲಿಲ್ಲ. ಆ ಕೂಸೇ ನರ್ಮದಾ.

“ಯಾವ ಮುದುಕಿ, ಬಾಯಿ?” ಎಂದ ಕುರ್ಚಿಯವನು. ಮರಾಠಿಯ ರಾಗದಲ್ಲಿ ಅದ್ದಿ ತೆಗೆದ ಕನ್ನಡ.

“ಚಿತ್ರದಲ್ಲಿ ಬರ್ತಾಳಲ್ಲ. ಸರದಾರ ವೇಷ ಮರೆಸ್ಕೊಂಡು ಅಂಬಿಗನಾಗಿ ದೋಣಿ ದಡಕ್ಕೆ ಹಚ್ತಾನೆ. ಅಲ್ಲಿ ಒಬ್ಳು ಮುದುಕಿ ಕೂತಿರ್ತಾಳೆ. ಅವನ ಮುಂಡಾಸು ಸರಿಸಿ ತಲೆ ನೇವರಿಸ್ತಾಳೆ. ಅವಳು ಯಾರು?”

“ಅಯ್ಯೋ, ಅದನ್ನ ಮರೆಯೋದುಂಟೇ!” ಅವನ ಕಣ್ಣುಗಳು ಅರೆ ಮುಚ್ಚಿದವು. “ಅವಳು ತಾಯಿ. ಸರದಾರನ ಹೆತ್ತ ತಾಯಿ. ರಾಜ್ಯ ಕಳೆದುಕೊಂಡು ಮಗ ಯಾವ ವೇಷದಲ್ಲಿದ್ದಾನೋ ಎಂದು ದಿನವೂ ದಡದಲ್ಲಿ ಬಂದು ಕೂರ್ತಿದ್ದಳು. ತಲೆ ಮುಟ್ಟಿದ್ದೇ ಗುರುತು ಸಿಕ್ಕಿತು. ‘ಮಗಾ, ಕಣ್ಣಿಗೆ ವೇಷ ಕಾಣ್ತದೆ, ಕೈಗೆ ತಲೆ ಗೊತ್ತಾತದೆ’ ಎಂದಳು. ಆಮೇಲೆ ಸಿಪಾಯಿಗಳು ಬಂದಾಗ, ತನ್ನ ಬಾಯಿಂದ ಮಗನ ಹೆಸರು ಹೊರಡಬಾರದು ಅಂತ ಹೊಳೆಗೆ ಹಾರಿದಳು.”

ಅಕ್ಕೋರು ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡರು. ಬಲೆಗೆ ಮೀನು ಬಿದ್ದ ಹೊತ್ತಿನಲ್ಲಿ ಬಲೆ ಹಾಕಿದವರೇ ಅಳುವುದೆಂದರೆ ಪತ್ತೇದಾರಿಕೆಗೆ ನಾಚಿಕೆಗೇಡು. ಆದರೆ ಏನು ಮಾಡುವುದು?

ಆ ತಂಬಿನಲ್ಲಿ, ಸೋದರಮಾವನ ಪಕ್ಕ, ಹನ್ನೆರಡು ವರ್ಷದ ಪರಮೇಶ್ವರಿಯೂ ಕೂತಿದ್ದಳು. ಅವಳ ಅಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಮನೆಯಲ್ಲಿ ಯಾರೂ ಅವಳ ಎದುರು ಅಮ್ಮನ ಹೆಸರೆತ್ತುತ್ತಿರಲಿಲ್ಲ, ಅವಳೂ ಅತ್ತಿರಲಿಲ್ಲ. ಮುದುಕಿ ನೀರಿಗೆ ಬಿದ್ದಾಗ ಇಡೀ ತಂಬು ಗೊಳೋ ಎಂದಿತು. ಕತ್ತಲಲ್ಲಿ ಮಾಬ್ಲನ ದನಿ ನಿಧಾನವಾಗಿ ಎದ್ದಿತು: ‘ಅಳಬೇಡಿ. ಆಚೆ ದಡದಲ್ಲಿ ಕೂತವ್ಳು ಕಾಣೂದಿಲ್ಲ ಅಂದ್ರೆ, ಇಲ್ಲ ಅಂತ ಅಲ್ಲ.’

ಪರಮೇಶ್ವರಿ ಆಗ ಅತ್ತಳು. ಮನೆಗೆ ಹೋಗುವವರೆಗೂ ಅತ್ತಳು. ಮರುದಿನ ಎದ್ದು ಎಂಟು ತಿಂಗಳಿಂದ ಮುಟ್ಟದಿದ್ದ ಪಾಟಿ ಹುಡುಕಿ ಶಾಲೆಗೆ ಹೋದಳು. ಅಕ್ಕೋರಾದದ್ದು ಆ ಮರುದಿನದಿಂದ ಎಂದೇ ಅವರ ನಂಬಿಕೆ. ಮಾಬ್ಲನ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ ಎಂದು ಅವರು ಎಷ್ಟೋ ಸಲ ಅಂದುಕೊಂಡಿದ್ದರು.

“ಎಷ್ಟು ಚೆಂದ ಹೇಳಿದ್ರಿ” ಎಂದರು ಅಕ್ಕೋರು. ಕಣ್ಣೊರೆಸಿಕೊಂಡು ಚೀಲದಿಂದ ಒಂದು ಹಳದಿ ತಿರುಗಿದ ಕಾಗದ ತೆಗೆದು ಮೇಜಿನ ಮೇಲೆ ಹರಡಿದರು. “ಆದ್ರೆ ಇದು ಬೇರೆ ಹೇಳ್ತದೆ.”

ಅದು ‘ಅಂಬಿಗ ಸರದಾರ’ದ ಹ್ಯಾಂಡ್‌ಬಿಲ್ಲು. ಕುಮಟಾದ ನಾಗಪತಿ ಶಾನಭಾಗರು ಕಂಡ ಕಂಡ ಚೀಟಿಯನ್ನೆಲ್ಲ ಕಾಪಾಡುವ ಮನುಷ್ಯ. ಅವರ ಅಟ್ಟದಲ್ಲಿ ಎರಡು ದಿನ ಧೂಳು ತಿಂದು ಅಕ್ಕೋರು ಇದನ್ನು ತಂದಿದ್ದರು. ಚಿತ್ರದ ಕತೆ ಮರಾಠಿಯಲ್ಲಿ ಅಚ್ಚಾಗಿತ್ತು. ಮುಂಬಯಿ ಸರಕಾರದ ಕಾಲದಲ್ಲಿ ಕಲಿತ ಮರಾಠಿ, ಮೈಸೂರು ರಾಜ್ಯ ಬಂದು ಆರು ವರ್ಷವಾದರೂ ಅವರಿಗೆ ಮರೆತಿರಲಿಲ್ಲ.

“ಓದ್ತೆ, ಕೇಳಿ. ‘ದಡದ ಮುದುಕಿ ಶತ್ರುವಿನ ಗೂಢಚಾರಿಣಿ. ಸರದಾರನ ತಲೆಯ ಮೇಲೆ ಕತ್ತಿಯ ಗಾಯದ ಗುರುತು ಇದೆ ಎಂದು ತಿಳಿದು, ವಾತ್ಸಲ್ಯದ ನಟನೆಯಿಂದ ಮುಂಡಾಸು ಸರಿಸುತ್ತಾಳೆ. ಗಾಯವನ್ನು ಕಂಡು ಸೈನಿಕರನ್ನು ಕರೆತರುತ್ತಾಳೆ. ಕಡೆಗೆ ತನ್ನ ದ್ರೋಹಕ್ಕೆ ತಕ್ಕ ಶಿಕ್ಷೆಯಾಗಿ ನದಿಯ ಪಾಲಾಗುತ್ತಾಳೆ.’”

ಅಟ್ಟದಲ್ಲಿ ಇದನ್ನು ಮೊದಲ ಸಲ ಓದಿದಾಗ ಅಕ್ಕೋರಿಗೆ ನಗು ಬಂದಿತ್ತು, ಅದರ ಹಿಂದೆಯೇ ಅಳು. ಮೂರು ಊರಿನ ಜನ ಒಬ್ಬಳು ಚಾಡಿಕೋರ ಮುದುಕಿಗಾಗಿ ಸೆರಗು ಒದ್ದೆ ಮಾಡಿಕೊಂಡಿದ್ದರು! ಅಕ್ಷರ ಬಾರದ ಅಂಬಿಗ ತಲೆ ನೇವರಿಸುವ ಕೈಯನ್ನು ಕಂಡ. ತಲೆ ನೇವರಿಸುವವಳು ತಾಯಿಯಲ್ಲದೆ ಮತ್ಯಾರು ಎಂದುಕೊಂಡ. ಅವನಿಗೆ ಓದು ಬಂದಿದ್ದರೆ ತನಗೆ ಓದು ಬರುತ್ತಿರಲಿಲ್ಲ ಎಂದುಕೊಂಡು ಅಕ್ಕೋರು ಆ ತಪ್ಪಿಗೆ ಮನಸ್ಸಿನಲ್ಲೇ ಕೈಮುಗಿದಿದ್ದರು.

“ಮೂವತ್ತು ವರ್ಷದ ಮಾತು, ಬಾಯಿ” ಎಂದ ಕುರ್ಚಿಯವನು. ಬಟ್ಟಲು ತಟ್ಟೆಗೆ ಬಡಿದು ಸದ್ದಾಯಿತು. “ನೆನಪು ಹಿಂದುಮುಂದಾಗ್ತದೆ.”

“ಆಗ್ಲಿ. ಕುದುರೆ ಬಣ್ಣ ಮರೀಲಿ, ರಾಜಕುಮಾರಿ ಹೆಸರು ಮರೀಲಿ. ತನ್ನ ತಲೆ ಮುಟ್ಟಿದವ್ಳು ತಾಯಿಯ, ವೈರಿಯ ಅನ್ನೂದು ಆ ಪಾತ್ರ ಮಾಡ್ದವ ಮರೀತಾನ? ಆ ‘ಕೈಗೆ ತಲೆ ಗೊತ್ತಾತದೆ’ ಅನ್ನೂ ಮಾತು ಯಾವ ಚಿತ್ರದಲ್ಲೂ ಇಲ್ಲ. ಅದು ಮಾಬ್ಲಣ್ಣನ ಸ್ವಂತದ್ದು. ಅದನ್ನ ಕೇಳ್ಬೇಕು ಅಂದ್ರೆ ನಮ್ಮ ಮೂರು ಊರಿನ ತಂಬಿನಲ್ಲೇ ಇರಬೇಕು.” ಅಕ್ಕೋರು ಕಾಗದ ಮಡಚಿದರು. “ನೀವು ಪರದೆ ಮೇಲೆ ಇದ್ದವರಲ್ಲ. ಪರದೆ ಎದುರಿಗೆ ಕೂತವರು.”

ಅವನು ಬಟ್ಟಲು ಕೆಳಗಿಟ್ಟ. ಆಮೇಲೆ ನಕ್ಕ. ಈ ಸಲದ ನಗುವಿನಲ್ಲಿ ಸರದಾರಿಕೆ ಇರಲಿಲ್ಲ.

“ಎದುರಿಗೆ ಅಲ್ಲ, ಅಕ್ಕೋರೆ. ಹಿಂದೆ.” ಮರಾಠಿ ರಾಗ ಬಿದ್ದುಹೋಗಿ, ಅಚ್ಚ ಭಟ್ಕಳ ಸೀಮೆಯ ಮಾತು ಹೊರಟಿತು. “ಸಿನೆಮಾ ಮಶೀನಿನ ಹಿಡಿ ತಿರುಗ್ಸೂಕೆ ಭಟ್ಕಳದಲ್ಲಿ ನನ್ನ ತಕಂಡಿದ್ರು. ನಾ ತೆಂಗಿನಗುಂಡಿ ಊರಿನ ದುರ್ಗ. ನಂಗೂ ಅಕ್ಷರ ಇಲ್ಲ. ಎರಡು ತಿಂಗಳು ದಿನಾ ಕೇಳ್ದದ್ದು ಮಾಬ್ಲನ ಬಾಯಿಂದ್ಲೇ. ಇವತ್ತಿನವರೆಗೂ ಅವ್ಳನ್ನ ತಾಯಿ ಅಂತ್ಲೇ ತಿಳದಿದ್ದೆ.”

ಗೆದ್ದೆ ಎಂದುಕೊಂಡು ಅಕ್ಕೋರು ನರ್ಮದೆಯ ಕಡೆ ತಿರುಗಿದರು. ಅಪ್ಪ ಸಿಕ್ಕ ಸಂತೋಷವನ್ನು ಕೈಯಾರೆ ಕಿತ್ತುಕೊಂಡೆನಲ್ಲ ಎಂಬ ಸಂಕಟ ಅವರ ಮುಖದಲ್ಲಿತ್ತು.

“ತಂಗಿ, ನಿಂಗೆ ನೋವಾತು. ನಾ ಎಂತ ಮಾಡ್ಲಿ…”

“ನೋವೆಂತ ಇಲ್ಲ, ಅಕ್ಕೋರೆ” ಎಂದಳು ನರ್ಮದಾ. ಗೋಡೆ ಬಿಟ್ಟು ಬಂದು ಮೇಜಿನ ಮೇಲಿದ್ದ ಫೋಟೋ ಎತ್ತಿದಳು. ಗುರುತಿಗೆಂದು ದುರ್ಗನೇ ತಂದಿದ್ದ ರಣಧೀರನ ಫೋಟೋ. “ಇವ್ರು ನನ್ನ ಅಪ್ಪ ಅಲ್ಲ ಅಂತ ನಂಗೆ ಮೊದಲ ದಿನವೇ ಗೊತ್ತಿತ್ತು. ಫೋಟೋದಲ್ಲಿ ಅಪ್ಪನ ಕಿವಿ ಮೇಲ್ಗಡೆ ಚುಚ್ಚಿ ಮುತ್ತು ಹಾಕಿದ್ದು ನೋಡಿ. ಇವರ ಕಿವಿ ನೋಡಿ. ತೂತೇ ಇಲ್ಲ.”

ಅಕ್ಕೋರು ಫೋಟೋ ನೋಡಿದರು, ಕಿವಿ ನೋಡಿದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಈ ಕಿವಿಯನ್ನು ಇಲ್ಲೇ ಬಿಟ್ಟು ತಾವು ಕುಮಟಾದ ಅಟ್ಟ ಹತ್ತಿದ್ದರು.

“ಮತ್ತೆ ಎಂತಕೆ ಹೊರಟಿದ್ದೆ ಇವನ ಸಂಗ್ತಿಗೆ?”

“ಕೇಳಿದ್ದಕ್ಕೆ ಇವ್ರೇ ನಂಗೆ ಎಲ್ಲ ಹೇಳಿದ್ರು. ಅಪ್ಪಂದು ನಿಜವಾಗ್ಲೂ ಸರದಾರರ ಮನೆ ಅಂತೆ. ಸಿನೆಮಾ ಸೇರೂಕೆ ಬಿಡೂದಿಲ್ಲ ಅಂತ ಹೆಸರು ಬದಲಿಸ್ಕೊಂಡು ಓಡಿಬಂದವ್ರು. ಅವರ ಅಕ್ಕ ಮುಂಬಯಿಯಲ್ಲಿ ಇನ್ನೂ ಜೀವ ಹಿಡ್ಕೊಂಡು ತಮ್ಮನ ದಾರಿ ಕಾಯ್ತಿದ್ದಾರೆ. ದುರ್ಗಣ್ಣ ಅವರ ಮನೆಯಲ್ಲೇ ಕೆಲಸಕ್ಕೆ ಇದ್ದವ್ರು. ನನ್ನ ರಕ್ತದವರು ಅಂತ ಇರೂದು ಅವರೊಬ್ರೇ. ಒಂದು ಸಲ ನೋಡಬೇಕು.”

“ಅಷ್ಟಕ್ಕೆ ವೇಷ ಎಂತಕೆ? ದುರ್ಗ ಅಂತ್ಲೇ ಬಂದು ಹೇಳಬಹುದಿತ್ತಲ್ಲ?”

ಉತ್ತರ ದುರ್ಗನಿಂದ ಬಂತು. “ದುರ್ಗ ಅಂತ ಬಂದ್ರೆ ಮಾಬ್ಲ ಹುಡುಗಿನ ನೋಡೂಕೂ ಬಿಡ್ತಿರಲಿಲ್ಲ. ರಣಧೀರ ಸಾಹೇಬ್ರು ಅಂತ ಬಂದ್ರೆ ‘ಅಲ್ಲ’ ಅನ್ನೂಕೆ ಅಂವಂಗೆ ಬಾಯಿ ಬರೂದಿಲ್ಲ.”

“ಎಂತಕೆ?”

ದುರ್ಗ ನರ್ಮದೆಯ ಮುಖ ನೋಡಿದ. ಅವಳು ತಲೆಯಾಡಿಸಿದಳು.

“ಸಾಹೇಬ್ರು ಹೋದ ದಿನ, ಬೆಳಗಾಗೂ ಹೊತ್ತಿಗೆ, ನಾ ಹೊಳೆ ದಂಡೆಯಲ್ಲಿದ್ದೆ. ಮಾಬ್ಲನ ದೋಣಿ ಹತ್ತಿದ್ರು. ಕನ್ನಡಕ ಬಿಟ್ಟು ಹೋಗಿದ್ರು, ಕೊಟ್ಟು ಬರ್ವ ಅಂತ ಮಧ್ಯಾಹ್ನ ನಾನೂ ಆಚೆ ದಡದ ಕಾಸರಕೋಡಿಗೆ ಹೋದೆ. ಅಲ್ಲಿ ಸುಂಕದ ನಾಕಾದ ಸಿಪಾಯಿನ ಕೇಳ್ದೆ. ‘ಬೆಳಿಗ್ಗೆ ಆ ದೋಣಿಯಿಂದ ಇಳದದ್ದು ಮಾಬ್ಲ ಒಬ್ಬನೇ’ ಅಂದ. ಹತ್ತಿದ್ದು ಇಬ್ರು ಅಕ್ಕೋರೆ, ಇಳದದ್ದು ಒಬ್ಬ.”

ಅಕ್ಕೋರು ಕಿಟಕಿಯ ಕಡೆ ನೋಡಿದರು. ಮಾಬ್ಲನ ಬಿಳಿತಲೆ ಅಲ್ಲಾಡದೆ ಹಾಗೆಯೇ ಕಾಣುತ್ತಿತ್ತು.

“ನೀ ಕೇಳಿದ್ಯ ಅವನ?” ದನಿ ತಗ್ಗಿಸಿ ನರ್ಮದೆಗೆ ಕೇಳಿದರು.

“ಹ್ಯಾಂಗೆ ಕೇಳ್ಲಿ?” ಅವಳ ಕಣ್ಣು ತುಂಬಿತು. “ನಂಗೆ ವಿಷಮಜ್ವರ ಬಂದಾಗ ದೊಡ್ಡಪ್ಪ ಇಡಗುಂಜಿವರೆಗೆ ಹರಕೆ ಹೊತ್ತು ಬರಿಗಾಲಲ್ಲಿ ನಡೆದವ್ರು. ತಾವು ಗಂಜಿ ಕುಡಿದು ನಂಗೆ ಅನ್ನ ಹಾಕ್ದವ್ರು. ‘ಅಂಬಿಗನ ಮನೆ ಹುಡುಗಿಗೆ ನರ್ಸ್ ಓದೆಂತಕೆ’ ಅಂದವರ ಹತ್ರ ಜಗಳ ಆಡಿ ಓದಿಸಿದವ್ರು. ಉಂಡ ಮನೆ ಜಂತೆ ಎಣಿಸೂಕೆ ನನ್ನಿಂದ ಆಗೂದಿಲ್ಲ, ಅಕ್ಕೋರೆ. ನಾ ಕೇಳ್ದೇ ಹೋದ್ರೂ ನಿದ್ದೆ ಬರೂದಿಲ್ಲ. ದೊಡ್ಡಪ್ಪನೇ ನಿಮ್ಮನ್ನ ಕರ್ಕೊಂಡು ಬಂದಾಗ ದೇವರೇ ಕಳಿಸಿದ ಅಂದ್ಕೊಂಡೆ. ನೀವೇ ಕೇಳಿ.”

ನನ್ನಿಂದ ಮಾತ್ರ ಆಗುತ್ತದೆಯೇ ಎಂದು ಅಕ್ಕೋರಿಗೆ ಅನಿಸಿತು. ಆ ಮನೆಯಲ್ಲಿ ಇವಳು ಉಂಡದ್ದು ಅನ್ನ. ತಾವು ಉಂಡದ್ದು ಒಂದೇ ಒಂದು ಮಾತು. ಅದೂ ಇಷ್ಟು ವರ್ಷ ಕರಗದೆ ಹೊಟ್ಟೆಯಲ್ಲಿತ್ತು.

ಆದರೂ ಎದ್ದರು. ಏಳುವಾಗಲೇ ಒಂದು ಲೆಕ್ಕ ಅವರ ತಲೆಯಲ್ಲಿ ತಾನಾಗಿ ಕೂಡಿಬಂತು. ದುರ್ಗ ಹೇಳಿದ್ದು ನಿಜವಾದರೆ, ರಣಧೀರ ಮರಳಿ ಬರುವವನಲ್ಲ ಎಂದು ಮಾಬ್ಲನಿಗೆ ಮೊದಲೇ ಗೊತ್ತು. ಹಾಗಿದ್ದರೆ, ಬಂದವನು ಸುಳ್ಳುಗಾರ ಎಂದೂ ಮೊದಲ ದಿನವೇ ಗೊತ್ತು. ಗೊತ್ತಿದ್ದೂ ‘ನನ್ನ ಕಣ್ಣಿಗೆ ತಿಳಿಯುವುದಿಲ್ಲ’ ಎಂದು ತಮ್ಮ ಬಾಗಿಲಲ್ಲಿ ಕೈಮುಗಿದಿದ್ದ.

ಜಗಲಿಯಲ್ಲಿ ಬಿಸಿಲು ಮೊಣಕಾಲಿನವರೆಗೆ ಬಂದಿತ್ತು. ಅಕ್ಕೋರ ಹೆಜ್ಜೆ ಗುರುತಿಸಿ ಮಾಬ್ಲ ಎದ್ದು ನಿಂತ.

“ಕೂತ್ಕೋ ಮಾಬ್ಲಣ್ಣ” ಎಂದು ತಾವೂ ಪಕ್ಕದಲ್ಲಿ ಕುಳಿತರು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ, ಮೂವತ್ತೊಂದು ವರ್ಷದಿಂದ ಹೇಳದೆ ಉಳಿದದ್ದನ್ನೇ ಮೊದಲು ಹೇಳಿದರು. “ತಂಬಿನಲ್ಲಿ ನೀ ಆ ತಾಯಿ ಕತೆ ಹೇಳಿದ್ಯಲ್ಲ, ಅದರಿಂದ ನಂಗೆ ಜೀವ ಬಂತು. ನಿನ್ನ ಉಪಕಾರ ನಾ ಮರಿಯೂದಿಲ್ಲ. ಅದಕ್ಕೇ ಕೇಳ್ತೆ, ಬೇಜಾರ ಮಾಡ್ಕಬೇಡ. ಒಳಗೆ ಕೂತವ ರಣಧೀರ ಅಲ್ಲ ಅಂತ ನಿಂಗೆ ಮೊದಲೇ ಗೊತ್ತಿತ್ತಲ್ದ?”

ಮಾಬ್ಲನ ಪೊರೆಗಣ್ಣು ಹೊಳೆಯ ದಿಕ್ಕಿಗೆ ತಿರುಗಿತು.

“ಗೊತ್ತಿತ್ತು.”

“ಮತ್ತೆ ಎಂತಕೆ ಹೇಳಲಿಲ್ಲ?”

“ಹೇಳಿದ್ರೆ, ಹ್ಯಾಂಗೆ ಗೊತ್ತು ಅಂತ ನೀವು ಕೇಳ್ತಿದ್ರಿ. ಕೂಸಿನ ಎದುರಿಗೆ ಆ ಬಾಯಿ ತೆಗೀಲಾರೆ ಅಂತ, ನಿಮ್ಮ ಕೈಯಿಂದ ಆಗ್ಲಿ ಅಂದ್ಕಂಡೆ. ಆತು, ನಿಮ್ಮಿಂದ ಆತು. ದೇವ್ರು ನಿಮ್ಮನ್ನ ಚೆಂದ ಇಡ್ಲಿ.” ಅವನು ನಿಜವಾಗಿಯೂ ಕೈಮುಗಿದ. ಮುಗಿದ ಕೈಯನ್ನು ಕೆಳಗಿಳಿಸದೆ ಮಾತು ಸಣ್ಣದು ಮಾಡಿದ. “ಆದ್ರೆ ಅಂವ ಯಾರು ಅನ್ನೂದು ನಂಗೂ ಈಗ್ಲೇ ಗೊತ್ತಾದ್ದು, ಅಕ್ಕೋರೆ. ಮೂರು ವಾರ ಮರಾಠಿ ಎಳದು ಮಾತಾಡ್ತಿದ್ದ. ಈಗೊಂದು ಗಳಿಗೆ ಮುಂಚೆ ನಮ್ಮ ಮಾತು ಆಡ್ದ ನೋಡಿ, ಆ ದನಿ ನಾ ಸತ್ರೂ ಮರಿಯೂದಿಲ್ಲ.”

“ಅಂವ ಹೇಳ್ದದ್ದು ಕೇಳ್ತ? ದೋಣಿ ಹತ್ತಿದ್ದು ಇಬ್ರು ಅಂತ?”

“ಕೇಳ್ತು.”

ಒಳಗೆ ನರ್ಮದಾ ಏನೋ ಕೇಳಿದ್ದು, ದುರ್ಗ ಮೆಲ್ಲನೆ ಉತ್ತರಿಸಿದ್ದು ಕಿಟಕಿಯಿಂದ ಕೇಳಿಸಿತು. ಬಸ್‌ಸ್ಟ್ಯಾಂಡಿನ ಕಡೆಯಿಂದ ಹುಬ್ಬಳ್ಳಿ ಬಸ್ಸಿನ ಹಾರ್ನು ಒಮ್ಮೆ ಕೂಗಿತು. ಮಾಬ್ಲ ಅಕ್ಕೋರ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಹುಡುಗಿನ ಅವನ ಸಂಗ್ತಿಗೆ ಕಳಸ್ಬೇಡಿ, ನಿಮ್ಮ ಕಾಲು ಹಿಡೀತೆ. ಆ ದಿನ ದೋಣಿಯಲ್ಲಿ ಇದ್ದದ್ದು ಇಬ್ರಲ್ಲ, ಅಕ್ಕೋರೆ. ಮೂರು ಜನ. ರಣಧೀರ ಸಾಹೇಬ್ರು ನೀರಿಗೆ ಬಿದ್ದಾಗ ಅವರ ಹಿಂದೆ ನಿಂತಿದ್ದ ಮೂರನೆಯವ ಅಂವನೇ.”